ಮಿಡ್‌ವೇ ಕದನವು ಕಲಿಸಿದ ಪಾಠ

ಸಮುದ್ರಯುದ್ಧದ ವಿಚಾರವು ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ವಾಚಕರಿಗೇತಕ್ಕೆಂದು ಕೆಲವರು ಕೇಳಬಹುದು. ವಳಕಮದಿನ್ನಿಯ ಹೊಲದ ಬದುವಿನ ಮೇಲೆ ನಿಂತವನಿಗೆ ಅಲೆಯ ಸದ್ದು ಕೇಳಿಸದೆಂಬುದು ದಿಟವೇ. ಆದರೆ ಕಡಲು ಯಾರ ಕೈಯಲ್ಲಿದೆಯೋ ದಡದ ದೇಶವೂ ಅವರ ದಯೆಯಲ್ಲಿರುವುದೆಂಬುದನ್ನು 1942ನೆಯ ಇಸವಿಯು ನಮಗೆ ತೋರಿಸಿಕೊಟ್ಟಿತು.

ಆ ವರ್ಷದ ಏಪ್ರಿಲ್ 5ರಂದು ಜಪಾನಿನ ನೌಕಾಧಿಪತಿ ನಗುಮೋ ಎಂಬಾತನು ಐದು ವಿಮಾನವಾಹಕ ನೌಕೆಗಳೊಡನೆ ಬಂದು ಕೊಲಂಬೊ ಬಂದರಿನ ಮೇಲೆ ದಾಳಿಯಿಟ್ಟನು. ಮರುದಿನ ಜಪಾನಿನ ಇನ್ನೊಂದು ನೌಕಾಪಡೆಯ ವಿಮಾನಗಳು ವಿಶಾಖಪಟ್ಟಣ, ಕಾಕಿನಾಡಗಳ ಮೇಲೆ ಬಾಂಬು ಹಾಕಿದವು. 9ರಂದು ಬ್ರಿಟಿಷರ ವಿಮಾನವಾಹಕ ನೌಕೆ ಹರ್ಮಿಸ್ ಸಿಂಹಳದ ತೀರದಲ್ಲಿ ಮುಳುಗಿತು. ನಮ್ಮ ರಕ್ಷಣೆಯ ಹೊಣೆ ತಮ್ಮದೆನ್ನುತ್ತಿದ್ದ ಪರಕೀಯ ಪ್ರಭುಗಳಿಗೆ ಇದನ್ನು ತಡೆಯಲಾಗಲಿಲ್ಲ. ತಡೆಯೋಣವೆಂದರೆ ನೌಕಾಬಲವು ನಮ್ಮ ಅಧೀನದಲ್ಲಿರಲಿಲ್ಲ.

ಇದೇ ನಗುಮೋ ಎರಡು ತಿಂಗಳ ತರುವಾಯ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಬಳಿ ಸರ್ವನಾಶಕ್ಕೆ ಗುರಿಯಾದನು. ಜೂನ್ 4ರಂದು ಅಕಾಗಿ, ಕಾಗಾ, ಸೋರ್ಯು, ಹಿರ್ಯು ಎಂಬ ಅವನ ನಾಲ್ಕು ನೌಕೆಗಳಿಗೂ ಮಾರಣಾಂತಿಕ ಪೆಟ್ಟು ಬಿದ್ದಿತು. ಅವುಗಳಲ್ಲಿ ಮೂರು ಬೆಳಗಿನ ಹತ್ತೂವರೆ ಗಂಟೆಯೊಳಗಾಗಿ ಕೆಲವೇ ನಿಮಿಷಗಳಲ್ಲಿ ಉರಿಯತೊಡಗಿದವು. ಜಪಾನಿನ ಕಡೆ ಸುಮಾರು 3,000 ಜನರೂ ಅಮೆರಿಕದ ಕಡೆ ಸುಮಾರು 300 ಜನರೂ ಮಡಿದರು. ಅಲ್ಲಿಂದ ಮುಂದೆ ಜಪಾನಿನ ಮುನ್ನಡೆಯು ಕುಂಠಿತವಾಯಿತು.

ಬಲದಲ್ಲಿ ಹೆಚ್ಚಿದ್ದವರು ಸೋತದ್ದೆಂತು? ವಿಧಿಯೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮಗೆ ಮೂರು ಕಾರಣಗಳು ಕಾಣುತ್ತವೆ.

ಮೊದಲನೆಯದು ಅರಿವು. ಅಮೆರಿಕದವರು ಜಪಾನಿನ ಗೂಢಲಿಪಿಯನ್ನು ಒಂದಿಷ್ಟು ಒಡೆದಿದ್ದರು. ಶತ್ರುವಿನ ಸಂಕೇತದಲ್ಲಿದ್ದ ‘ಎಎಫ್’ ಎಂಬುದು ಮಿಡ್‌ವೇ ಹೌದೋ ಅಲ್ಲವೋ ಎಂದು ತಿಳಿಯಲು, ದ್ವೀಪದಲ್ಲಿ ಸಿಹಿನೀರಿನ ಯಂತ್ರವು ಕೆಟ್ಟಿದೆಯೆಂಬ ಸುಳ್ಳುವಾರ್ತೆಯನ್ನು ಬಹಿರಂಗವಾಗಿ ಕಳುಹಿಸಿದರು. ‘ಎಎಫ್’ನಲ್ಲಿ ನೀರಿಲ್ಲವೆಂದು ಜಪಾನೀಯರು ತಮ್ಮವರಿಗೆ ತಿಳಿಸಿ ಗುಟ್ಟು ಬಿಟ್ಟುಕೊಟ್ಟರು.

ಎರಡನೆಯದು ಕೈಕಸುಬು. ಮೇ ತಿಂಗಳ ಕೋರಲ್ ಸಮುದ್ರದ ಕದನದಲ್ಲಿ ಜಖಮುಗೊಂಡ ಯಾರ್ಕ್‌ಟೌನ್ ನೌಕೆಯ ದುರಸ್ತಿಗೆ ಮೂರು ತಿಂಗಳು ಬೇಕೆಂಬ ಅಂದಾಜಿತ್ತು. ಪರ್ಲ್ ಹಾರ್ಬರಿನಲ್ಲಿ ಸಾವಿರಕ್ಕೂ ಮಿಕ್ಕ ಕೆಲಸಗಾರರು ಹಗಲಿರುಳು ದುಡಿದು ಮೂರೇ ದಿನಗಳಲ್ಲಿ ಅದನ್ನು ಕಡಲಿಗೆ ಬಿಟ್ಟರು. ಆ ನೌಕೆಯು ಕೊನೆಗೆ ಮುಳುಗಿತು. ಆದರೆ ಮುಳುಗುವ ಮುನ್ನ ತನ್ನ ಕಾರ್ಯವನ್ನು ನೆರವೇರಿಸಿತ್ತು. ಅದೇ ಹಿಂದಿನ ಕದನದಲ್ಲಿ ನೊಂದ ಜಪಾನಿನ ಎರಡು ನೌಕೆಗಳು ಮಿಡ್‌ವೇಗೆ ಬರಲೇ ಇಲ್ಲ.

ಮೂರನೆಯದು ಗೆಲುವಿನ ಮದ. ಶತ್ರುನೌಕೆಗಳು ಸಮೀಪದಲ್ಲಿರಲಾರವೆಂದು ನಂಬಿದ್ದ ನಗುಮೋ, ವಿಮಾನಗಳಿಗೆ ಒಮ್ಮೆ ದ್ವೀಪದ ಮೇಲೆ ಹಾಕುವ ಬಾಂಬುಗಳನ್ನೂ ಮತ್ತೊಮ್ಮೆ ಹಡಗು ಮುಳುಗಿಸುವ ಟಾರ್ಪೆಡೊಗಳನ್ನೂ ಕಟ್ಟಿಸುತ್ತ ಬೆಲೆಯುಳ್ಳ ಕಾಲವನ್ನು ಕಳೆದುಕೊಂಡನು.

ಈ ಪಾಠವು ಕನ್ನಡ ನಾಡಿಗೆ ಹೊರಗಿನದಲ್ಲ. ಮಿಡ್‌ವೇಯಲ್ಲಿ ಜಪಾನಿನ ಪಡೆಯನ್ನು ಮೊದಲು ಕಂಡದ್ದು ಕ್ಯಾಟಲೀನಾ ಎಂಬ ಜಲವಿಮಾನ. ಅದೇ ಜಾತಿಯ ವಿಮಾನಗಳು ಆ ಯುದ್ಧಕಾಲದಲ್ಲಿ ಬೆಂಗಳೂರಿನ ಬೆಳ್ಳಂದೂರು ಕೆರೆಯ ಮೇಲಿಳಿದು, 1940ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ವಿಮಾನ ಕಾರ್ಖಾನೆಯಲ್ಲಿ ದುರಸ್ತಿಯಾಗುತ್ತಿದ್ದವು. ಇಂದು ವಿಮಾನವಾಹಕ ನೌಕೆ ವಿಕ್ರಮಾದಿತ್ಯಕ್ಕೆ ನಮ್ಮ ಕಾರವಾರವೇ ನೆಲೆ. ದೇಶದಲ್ಲಿಯೇ ಕಟ್ಟಿದ ವಿಕ್ರಾಂತವು 2022ರಲ್ಲಿ ಕೊಚ್ಚಿಯಲ್ಲಿ ನೌಕಾಪಡೆಯನ್ನು ಸೇರಿತು. ಇದಕ್ಕಾಗಿ ನಾವು ಹೆಮ್ಮೆಪಡುವುದು ಯುಕ್ತವೇ.

ಆದರೆ ಹಡಗುಗಳನ್ನು ಎಣಿಸುವುದರಿಂದಲೇ ಬಲದ ಅಳತೆಯಾಗದೆಂಬುದು ಮಿಡ್‌ವೇಯ ಸಾರ. ಹಡಗಿನ ಹಿಂದೆ ದುಡಿಯುವ ಕೈಗಳೂ, ಅದಕ್ಕೆ ನೆಲೆಯಿತ್ತ ಜನರೂ ಆ ಬಲದಲ್ಲಿ ಸೇರಿದವರೇ. ಕಾರವಾರದ ನೆಲೆಗಾಗಿ ಮನೆ, ಗದ್ದೆ, ಮೀನುಗಾರಿಕೆಯ ದಡಗಳನ್ನು ಬಿಟ್ಟುಕೊಟ್ಟ ಕುಟುಂಬಗಳು ತಕ್ಕ ಪರಿಹಾರಕ್ಕಾಗಿ ವರ್ಷಗಟ್ಟಲೆ ನ್ಯಾಯಾಲಯಗಳಿಗೆ ಅಲೆಯಬೇಕಾಯಿತೆಂಬುದು ನಾಡಿಗೆ ಶೋಭೆ ತರುವ ಮಾತಲ್ಲ. ಯಾರ್ಕ್‌ಟೌನಿಗೆ ಮೂರು ದಿನಗಳಲ್ಲಿ ಜೀವ ಕೊಟ್ಟ ಕೆಲಸಗಾರರ ಆಸ್ಥೆಯಲ್ಲಿ ನೂರರಲ್ಲೊಂದಂಶವನ್ನು ನಮ್ಮ ಅಧಿಕಾರಿಗಳು ಇಂತಹ ಕಡತಗಳ ವಿಷಯದಲ್ಲಿ ತೋರಿಸಲಿ. ಆಗ ಕಡಲಿನ ಹಡಗಿಗೂ ದಡದ ಒಕ್ಕಲಿಗೂ ನಡುವೆ ನಂಬಿಕೆಯು ಬೆಳೆದೀತು. ಆ ನಂಬಿಕೆಯಿಲ್ಲದ ನಾಡನ್ನು ಎಷ್ಟು ನೌಕೆಗಳಾದರೂ ಕಾಯಲಾರವು.