ಕರಾರು ಓದಲು ಕಲಿಸಿದರೆ ಯಾರಿಗೆ ನಷ್ಟ?

ಹತ್ತಾರು ಮಂದಿ ಸೇರಿ ಕಾಫಿ ತೋಟ, ಸೈಟು, ರೆಸಾರ್ಟ್‌ಗಳಲ್ಲಿ ಹಣ ಹೂಡುವ ಯೋಜನೆಗಳಿಗೆ ಕೊಡಗು ಹೊಸದಲ್ಲ. 2020ರಲ್ಲಿ ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು ರದ್ದಾಗಿ, ಕೃಷಿಕರಲ್ಲದವರಿಗೂ ಕೃಷಿ ಭೂಮಿ ಕೊಳ್ಳುವ ದಾರಿ ತೆರೆದಿದೆ. ಇಂಥ ಯೋಜನೆಗಳ ಕರಾರುಪತ್ರ ಓದುವುದನ್ನು ಮಾದಾಪುರದ ಜನರಿಗೆ ಊರಲ್ಲೇ ಕಲಿಸಬೇಕು ಎಂದರೆ ಕೆಲವರು ಬೇಡವೆನ್ನುತ್ತಾರೆ. ಅವರ ವಾದಗಳಿಗೆ ಒಂದೊಂದಾಗಿ ಉತ್ತರ ಇಲ್ಲಿದೆ.

1. ‘ಅದಕ್ಕೆ ವಕೀಲರಿದ್ದಾರಲ್ಲ?’

ಇದ್ದಾರೆ. ಆದರೆ ಎಷ್ಟೋ ಸಲ ಪತ್ರ ಅವರ ಕೈ ಸೇರುವುದು ಹಣ ಕೊಟ್ಟು, ಸಹಿ ಹಾಕಿ, ಹೇಳಿದ ತಾರೀಖು ದಾಟಿದ ಮೇಲೆ. ‘ನಮ್ಮ ವಕೀಲರು ನೋಡಿದ್ದಾರೆ’ ಎಂದು ಕಂಪನಿಯವರು ಹೇಳಿದರೆ, ಆ ವಕೀಲರ ಕಕ್ಷಿದಾರ ನೀವಲ್ಲ ಎಂಬುದು ನೆನಪಿರಲಿ. ಕಲಿಸಬೇಕಾದದ್ದು ಒಂದು ಮುಖ್ಯ ಪ್ರಶ್ನೆ: ನನ್ನ ಹಣಕ್ಕೆ ಸಿಗುವುದು ನೆಲದಲ್ಲಿ ಪಾಲೋ, ಕಂಪನಿಯ ಷೇರೋ, ಬರೀ ಕರಾರೋ? ನೆಲದ ಪಾಲಾದರೆ ಕ್ರಯಪತ್ರ ನೋಂದಣಿಯಾಗಿ, ಪಹಣಿಯ 9ನೇ ಕಾಲಂನಲ್ಲಿ ನಿಮ್ಮ ಹೆಸರು ಬರಬೇಕು. ಷೇರಾದರೆ ತೋಟ ಕಂಪನಿಯದು, ನಿಮ್ಮ ಕೈಯಲ್ಲಿರುವುದು ಷೇರು ಮಾತ್ರ. ಕ್ರಯದ ಕರಾರಷ್ಟೇ ಆದರೆ, ಅದರಿಂದ ಆಸ್ತಿಯಲ್ಲಿ ಯಾವ ಹಕ್ಕೂ ಹುಟ್ಟುವುದಿಲ್ಲ ಎಂದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 54ನೇ ಕಲಂ ಹೇಳುತ್ತದೆ. ಬರೀ ಜಿಪಿಎ (ಸಾಮಾನ್ಯ ಅಧಿಕಾರಪತ್ರ) ಮೇಲೆ ನಡೆದ ಮಾರಾಟದಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸ್ಪಷ್ಟಪಡಿಸಿದೆ. ಇಷ್ಟನ್ನು ತಿಳಿಯಲು ಕಾನೂನು ಪದವಿ ಬೇಕಿಲ್ಲ.

2. ‘ರೇರಾ, ಸೆಬಿ ಇರುವಾಗ ಭಯವೇಕೆ?’

ಕ್ರಯದ ಕರಾರು ನೋಂದಣಿಯಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದು ಎನ್ನುತ್ತದೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ, ಅಂದರೆ ರೇರಾದ 13ನೇ ಕಲಂ. ಇದನ್ನು ತಿಳಿಯದೆ ಅರ್ಧ ಹಣ ಕೊಟ್ಟು ಬಂದವನಿಗೆ ಆ ಕಲಂ ಆ ಹೊತ್ತಿಗೆ ಕಾವಲಾಗುವುದಿಲ್ಲ. ಮೇಲಾಗಿ, ಭೂಪರಿವರ್ತನೆಯಾಗದ ಜಮೀನನ್ನು ತೋಟವಾಗಿಯೇ ಹಂಚಿ ಮಾರುವ ಯೋಜನೆಗಳು ಸಾಮಾನ್ಯವಾಗಿ ರೇರಾ ನೋಂದಣಿಯ ಹೊರಗೇ ಉಳಿಯುತ್ತವೆ.

ಇನ್ನು ಷೇರುಪೇಟೆಯ ನಿಯಂತ್ರಕ ಸೆಬಿ. ಹಲವರ ಹಣ ಒಟ್ಟುಗೂಡಿಸಿ, ಲಾಭದ ಆಸೆ ತೋರಿಸಿ, ನಿರ್ವಹಣೆಯನ್ನೆಲ್ಲ ತಾವೇ ಇಟ್ಟುಕೊಂಡು, ಹೂಡಿಕೆದಾರನಿಗೆ ದಿನನಿತ್ಯದ ಹಿಡಿತ ಕೊಡದಿದ್ದರೆ ಅದು ಸಾಮೂಹಿಕ ಹೂಡಿಕೆ ಯೋಜನೆ. ಸೆಬಿ ನೋಂದಣಿ ಬೇಕು. ಜಮೀನು ಕೊಡುತ್ತೇವೆಂದು ದೇಶದುದ್ದಕ್ಕೂ ಕಂತಿನಲ್ಲಿ ಹಣ ಎತ್ತಿದ ಪಿಎಸಿಎಲ್‌ನ ಬೆನ್ನು ಸೆಬಿ ಹತ್ತಿದ್ದು 1999ರಲ್ಲಿ. ಅದು ಸಾಮೂಹಿಕ ಹೂಡಿಕೆಯೇ ಎಂದು ತನಿಖೆ ಮಾಡಿ ತೀರ್ಮಾನಿಸಲು ಸುಪ್ರೀಂ ಕೋರ್ಟ್ ಸೆಬಿಗೆ ಹೇಳಿದ್ದು 2013ರಲ್ಲಿ. 2014ರಲ್ಲಿ ಹೌದೆಂದು ತೀರ್ಮಾನಿಸಿ ಹಣ ಹಿಂತಿರುಗಿಸಲು ಸೆಬಿ ಆದೇಶಿಸಿದಾಗ ಲೆಕ್ಕ ಸಿಕ್ಕ ಮೊತ್ತ 49,100 ಕೋಟಿ ರೂಪಾಯಿ, ಸಿಕ್ಕಿಬಿದ್ದವರು ಸುಮಾರು 5.85 ಕೋಟಿ ಜನ. ಕಾನೂನು ಬರುತ್ತದೆ, ನಿಜ. ಅಷ್ಟರಲ್ಲಿ ಹಣ ಹೋಗಿರುತ್ತದೆ.

3. ‘ಹೂಡುವವರು ಬೆಂಗಳೂರಿನವರು, ನಮಗೇನು?’

ಜಮೀನು ಕೊಡುವವರು ನಾವೇ ತಾನೆ? ಜಂಟಿ ಅಭಿವೃದ್ಧಿ ಕರಾರಿಗೂ ಜಿಪಿಎಗೂ ಸಹಿ ಹಾಕುವುದು ಇಲ್ಲಿನ ಕೈ. ಕುಟುಂಬದವರು ಒಟ್ಟಾಗಿ ಹೊಂದಿರುವ ಜಮ್ಮಾ ಹಿಡುವಳಿಯ ಪಹಣಿಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ ಹೆಸರೇ ಕುಳಿತಿರುವುದು ನಮಗೆ ಹೊಸದಲ್ಲ. ಒಬ್ಬರು ಸಹಿ ಹಾಕಿ, ‘ಹಕ್ಕಿನ ತಕರಾರು ಬಂದರೆ ನಷ್ಟವೆಲ್ಲ ಜಮೀನುದಾರರದು’ ಎಂಬ ಸಾಲನ್ನು ಓದದೆ ಬಿಟ್ಟರೆ ಕುಟುಂಬದವರೆಲ್ಲ ಕೋರ್ಟು ಮೆಟ್ಟಿಲು ಹತ್ತಬೇಕು.

ಇನ್ನೊಂದು ಸಾಲು: ‘ಅತಿವೃಷ್ಟಿ, ಭೂಕುಸಿತ ಮೊದಲಾದ ದೈವಾಧೀನ ಕಾರಣಗಳಿಂದಾದ ನಷ್ಟಕ್ಕೆ ಕಂಪನಿ ಹೊಣೆಯಲ್ಲ.’ ಬೇರೆ ಊರಲ್ಲಿ ಇದು ಕಣ್ಣು ಹಾಯಿಸಿ ಬಿಡುವ ಮಾತು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಜಾರಿದ್ದನ್ನು ಕಂಡ ಮಾದಾಪುರದ ಸೀಮೆಯಲ್ಲಿ ಮೊದಲು ಓದಬೇಕಾದ ಸಾಲೇ ಇದು. ತೋಟ ಹೋದ ಮೇಲೂ ವಾರ್ಷಿಕ ನಿರ್ವಹಣಾ ಶುಲ್ಕ ಕಟ್ಟುತ್ತಿರಬೇಕೇ? ವಿಮೆ ಯಾರ ಹೆಸರಿನಲ್ಲಿದೆ? ಕೇಳಿ.

4. ‘ಇದು ನಂಬಿಕೆಯ ಊರು, ಅನುಮಾನ ಬಿತ್ತಬೇಡಿ.’

ಬಾಯಿಮಾತಿನ ಭರವಸೆಯನ್ನು ಕೋರ್ಟು ಹೇಗೆ ನೋಡುತ್ತದೆಂದು ತಿಳಿಯಿರಿ. ಬರೆದು ಸಹಿ ಮಾಡಿದ ಷರತ್ತಿಗೆ ವಿರುದ್ಧವಾಗಿ ‘ಬಾಯಲ್ಲಿ ಹೀಗೆ ಹೇಳಿದ್ದರು’ ಎಂಬ ಸಾಕ್ಷ್ಯ, ಮೋಸದಂಥ ಕೆಲವು ಸಂದರ್ಭ ಬಿಟ್ಟರೆ, ನಡೆಯುವುದಿಲ್ಲ. 2019ರಲ್ಲಿ ಬೆಂಗಳೂರಿನಲ್ಲಿ ಮುಳುಗಿದ ಹೂಡಿಕೆ ಕಂಪನಿ ಐಎಂಎ ಕೂಡ ನಂಬಿಕೆಯ ಮೇಲೇ ಬೆಳೆದದ್ದು. ಠೇವಣಿ ಇಟ್ಟೆವೆಂದುಕೊಂಡವರನ್ನು ಅಲ್ಲಿನ ಕಾಗದ ಎಲ್‌ಎಲ್‌ಪಿಯ (ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಯ) ಪಾಲುದಾರರನ್ನಾಗಿ ಮಾಡಿತ್ತು. ಠೇವಣಿದಾರನಿಗೆ ಅಸಲು ವಾಪಸು ಬರಬೇಕು. ಪಾಲುದಾರ ನಷ್ಟದಲ್ಲೂ ಪಾಲು ಹೊರಬೇಕು. ಆ ಒಂದು ಪದ ಓದಿದ್ದರೆ ಎಷ್ಟೋ ಮಂದಿ ಹಣ ಕೊಡುವ ಮೊದಲು ನಿಂತು ಯೋಚಿಸುತ್ತಿದ್ದರು.

5. ‘ಅರೆಬರೆ ಕಲಿಕೆ ಅಪಾಯ, ಹೂಡಿಕೆಯೂ ಓಡಿಹೋಗುತ್ತದೆ.’

ಮೊದಲ ಮಾತಿನಲ್ಲಿ ಹುರುಳಿದೆ. ಒಂದು ಮಧ್ಯಾಹ್ನದ ಪಾಠದಿಂದ ಯಾರೂ ಪಂಡಿತರಾಗುವುದಿಲ್ಲ. ಅದಕ್ಕೇ ಪಾಠ ತಿಂಗಳಿಗೊಮ್ಮೆಯಾದರೂ ನಡೆಯಲಿ, ಕನ್ನಡದಲ್ಲಿರಲಿ, ನಿಜವಾದ ಕರಾರುಪತ್ರವನ್ನೇ ಎದುರಿಟ್ಟುಕೊಂಡು ಸಾಲು ಸಾಲಾಗಿ ಸಾಗಲಿ. ಕಾನೂನು ಅರಿವು ಮೂಡಿಸುವುದು ಕಾನೂನು ಸೇವಾ ಪ್ರಾಧಿಕಾರಗಳ ಕೆಲಸವೇ ಆಗಿರುವುದರಿಂದ ಪಾಠಕ್ಕೆ ವಕೀಲರನ್ನು ಅವರು ಕಳಿಸಲಿ, ಪಂಚಾಯಿತಿ ಜಾಗ ಕೊಡಲಿ. ಎರಡನೆಯ ಮಾತಿಗೆ ಉತ್ತರ ಚಿಕ್ಕದು: ಜನ ಓದಲು ಕಲಿತರೆಂದು ಓಡಿಹೋಗುವ ಯೋಜನೆ ಓಡಿಹೋಗಲಿ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಸಹಿಗೆ ಮೊದಲು ಕರಾರಿನ ಪ್ರತಿಯನ್ನು ಮನೆಗೆ ತನ್ನಿ, ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಪಹಣಿ ನೋಡಿ. ಪ್ರತಿ ಕೊಡಲು ಒಪ್ಪದವರಿಗೆ ಹಣ ಕೊಡಬೇಡಿ.