ಜಿರಳೆಗೆ ವಿಷ, ಉಣ್ಣುವವರಿಗೆ?

ಕೃಷ್ಣಾತೀರದ ಅಂಕಲಿಯ ಕಬ್ಬಿನ ಹೊಲವಿರಲಿ, ನಮ್ಮ ಮಲೆಯ ಅಡಕೆ ತೋಟವಿರಲಿ, ಬೆಳೆಗೆಂದು ತಂದ ಕೀಟನಾಶಕ ಅಡುಗೆಮನೆಯ ಜಿರಳೆಗೆ ಸಿಂಪಡಿಸುವಂಥದ್ದಲ್ಲ. ಜಗತ್ತಿನ 4,500ಕ್ಕೂ ಹೆಚ್ಚು ಜಿರಳೆ ಪ್ರಭೇದಗಳಲ್ಲಿ ಮನುಷ್ಯನ ನೆರೆಯನ್ನು ಆಶ್ರಯಿಸಿದವು ಸುಮಾರು 30 ಮಾತ್ರ. ಕಾಡಿನ ಹಲವು ಜಿರಳೆಗಳು ತರಗೆಲೆಯನ್ನು ಮಣ್ಣಾಗಿಸುವ ಉಪಕಾರಿಗಳು.

ಮನೆಯ ಸಣ್ಣ ಕಂದು ಜಿರಳೆಯ ಒಂದೇ ಮೊಟ್ಟೆಚೀಲದಲ್ಲಿ 30ರಿಂದ 40 ಮೊಟ್ಟೆಗಳಿರುತ್ತವೆ. ಸಿಂಪರಣೆಯಲ್ಲಿ ಬದುಕುಳಿದವು ವಿಷ ತಾಳುವ ಗುಣವನ್ನು ಸಂತತಿಗೆ ದಾಟಿಸುತ್ತವೆ; ವಿಷವೋ ನಮ್ಮ ಪಾತ್ರೆ, ಅನ್ನ, ಕೂಸುಗಳ ಉಸಿರನ್ನು ಸೇರುತ್ತದೆ.

ಆಹಾರವಿಲ್ಲದೆ ತಿಂಗಳು ಕಳೆಯಬಲ್ಲ ಈ ಕೀಟ ನೀರಿಲ್ಲದೆ ಎರಡು ವಾರ ಮೀರಿ ಬಾಳುವುದು ಕಷ್ಟ. ಆದ್ದರಿಂದ ಮಲಗುವ ಮುನ್ನ ಮುಸುರೆ ತೊಳೆಯಿರಿ, ಬಚ್ಚಲನ್ನು ಒಣಗಿಸಿರಿ, ಗೋಡೆಯ ಬಿರುಕುಗಳನ್ನು ಮುಚ್ಚಿರಿ. ಗೇರುತೋಟದ ಕೀಟಕ್ಕೆಂದು ಎರಚಿದ ಎಂಡೋಸಲ್ಫಾನ್ ಕಾಸರಗೋಡಿನಲ್ಲಿ ಯಾರನ್ನು ತಟ್ಟಿತೆಂಬುದನ್ನು ಮರೆಯದಿರೋಣ.