ಮೃದಂಗದ ಕಸುಬು: ಉಳಿಯಬೇಕಾದದ್ದು ಯಾವುದು?

ಕಛೇರಿಯ ವಿಮರ್ಶೆಯಲ್ಲಿ ಮೃದಂಗ ನುಡಿಸಿದವರಿಗೆ ಒಂದೆರಡು ಸಾಲು ಸಿಗುತ್ತದೆ. ಅದಕ್ಕೆ ಚರ್ಮದ ಮುಚ್ಚಿಗೆ ಹಾಕಿದವರಿಗೆ ಅದೂ ಇಲ್ಲ. ಆ ಕೈಗಳ ಮುಂದಿನ ದಾರಿ ಯಾವುದೆಂಬ ಪ್ರಶ್ನೆ ಈಗ ತೀವ್ರವಾಗಿದೆ. ಬೆಂಗಳೂರಿನ ಡಾ. ಕೆ. ವರದರಂಗನ್ ಅವರು ರೂಪಿಸಿದ ಕೃತಕ ಮೃದಂಗ ಮಾರುಕಟ್ಟೆಗೆ ಬಂದು ವರ್ಷಗಳೇ ಆದವು. ಅದರಲ್ಲಿ ಹಲಸಿನ ಮರವಿಲ್ಲ, ಚರ್ಮವಿಲ್ಲ. ಫೈಬರ್ ಒಡಲು, ಪಾಲಿಯೆಸ್ಟರ್ ಹಾಳೆಯ ಮುಚ್ಚಿಗೆ, ಶ್ರುತಿಗೆ ಬೋಲ್ಟುಗಳು. ಹಾಗಿದ್ದ ಮೇಲೆ ವಾದ್ಯ ಮಾಡುವ ಮನೆತನದ ಹುಡುಗನೊಬ್ಬ ಅಪ್ಪನ ಕಸುಬನ್ನೇ ಹಿಡಿಯಬೇಕೇ, ಅಥವಾ ತಯಾರಿಕೆ ಕಾರ್ಖಾನೆಗೆ ಸಾಗಲೆಂದು ಬಿಡುವುದೇ ಲೇಸೇ? ಎರಡೂ ಪಕ್ಷದಲ್ಲಿ ಸಂಗೀತವನ್ನು ಪ್ರೀತಿಸುವವರೇ ಇದ್ದಾರೆ. ಆದ್ದರಿಂದ ಇಲ್ಲಿನ ಭಿನ್ನಾಭಿಪ್ರಾಯವನ್ನು ಪ್ರಾಮಾಣಿಕವೆಂದೇ ಭಾವಿಸಿ ತೂಗುವುದು ಸರಿ.

ಹಳೆಯ ಕಸುಬು ಉಳಿಯಬೇಕೆನ್ನುವವರ ಬಲವಾದ ವಾದ ನಾದದ್ದು. ಬಲಮುಚ್ಚಿಗೆಯ ನಡುವಿನ ಕಪ್ಪು ಕರಣೆಯನ್ನೇ ನೋಡಿ. ಕಿಟ್ಟದ ಕಲ್ಲಿನ ನುಣ್ಣನೆಯ ಪುಡಿಯನ್ನು ಅನ್ನದೊಂದಿಗೆ ಅರೆದು, ಚಿಟಿಕೆಯಷ್ಟು ಎತ್ತಿ ಚರ್ಮದ ಮೇಲೆ ಹಚ್ಚಿ, ನಯವಾದ ಕಲ್ಲಿನಿಂದ ಅದು ಒಣಗುವ ತನಕ ಉಜ್ಜುತ್ತಾರೆ. ಮತ್ತೆ ಒಂದು ಪದರ, ಮತ್ತೆ ಉಜ್ಜುವುದು. ನಡುನಡುವೆ ಬೆರಳಿನಿಂದ ತಟ್ಟಿ ಕೇಳುವುದು. ಒಣಗಿದ ಲೇಪದಲ್ಲಿ ಮೂಡುವ ಕೂದಲೆಳೆಯ ಬಿರುಕುಗಳೂ ನಾದಕ್ಕೆ ಬೇಕಾದವೇ. ಮಧ್ಯದ ಈ ಭಾರ ಚರ್ಮದ ಕಂಪನವನ್ನು ಹದಗೊಳಿಸಿ, ತಂತಿವಾದ್ಯದಲ್ಲಿ ಕೇಳುವಂಥ ಸುಸಂಗತ ಸ್ವರಾಂಶಗಳನ್ನು ಹೊಮ್ಮಿಸುತ್ತದೆಂದು ಸಿ.ವಿ. ರಾಮನ್ ಮತ್ತು ಶಿವಕಾಳಿ ಕುಮಾರ್ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ತೋರಿಸಿಕೊಟ್ಟರು. ಹೊರಗಿನ ಜಗತ್ತಿಗೆ ಅದು ಅಚ್ಚರಿಯ ಸಂಗತಿ. ಕಸುಬುದಾರರ ಬೆರಳಿಗೆ ಮೊದಲೇ ಗೊತ್ತಿದ್ದ ವಿದ್ಯೆ. ಇಂಥ ವಿದ್ಯೆ ಒಂದು ತಲೆಮಾರು ಕೈಬಿಟ್ಟರೆ ಪುಸ್ತಕ ಓದಿ ಮರಳಿ ಪಡೆಯುವಂಥದ್ದಲ್ಲ.

ಎದುರು ಪಕ್ಷ ಈ ವಿದ್ಯೆಯನ್ನು ಅಲ್ಲಗಳೆಯುವುದಿಲ್ಲ. ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂದು ಕೇಳುತ್ತದೆ. ಒಂದು ಮೃದಂಗಕ್ಕೆ ಹಸು, ಎಮ್ಮೆ, ಆಡು ಮೂರರ ಚರ್ಮವೂ ಬೇಕು. ಹಸಿ ಚರ್ಮವನ್ನು ಆರಿಸಿ ತರುವುದು, ಕೂದಲು ತೆಗೆಯುವುದು, ಹದಮಾಡುವುದು, ಎಮ್ಮೆ ಚರ್ಮದ ಬಾರನ್ನು ಮೈಬಲ ಹಾಕಿ ಎಳೆದು ಬಿಗಿಯುವುದು, ಇವೆಲ್ಲ ವಾಸನೆ, ಕೀಲುನೋವು, ಕೈಗಾಯಗಳ ಕೆಲಸ. ಜೊತೆಗೆ ಜಾತಿಯ ಭಾರ. ಗಾಯಕ ಟಿ.ಎಂ. ಕೃಷ್ಣ ಅವರ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಕೃತಿ ಚರ್ಚೆಯ ಕೇಂದ್ರಕ್ಕೆ ತಂದದ್ದು ಇದನ್ನೇ. ಮೃದಂಗದ ನಾದವನ್ನು ರೂಪಿಸಿದ ದಲಿತ ಕ್ರೈಸ್ತ ಕುಟುಂಬಗಳು ವಿದ್ವಾಂಸರ ಮನೆಯಂಗಳದಲ್ಲೇ ಉಳಿದ ಚರಿತ್ರೆ ಅದು. 2020ರಲ್ಲಿ ಅದರ ಬಿಡುಗಡೆಗೆ ಚೆನ್ನೈನ ಕಲಾಕ್ಷೇತ್ರ ಮೊದಲು ಸಭಾಂಗಣ ಕೊಟ್ಟು ಆಮೇಲೆ ಹಿಂತೆಗೆದುಕೊಂಡಿತು. ಅಪ್ಪ ಅನುಭವಿಸಿದ್ದನ್ನು ಮಗ ಅನುಭವಿಸಲೊಲ್ಲೆ ಎಂದರೆ ಅದನ್ನು ಪರಂಪರೆಗೆ ಬಗೆದ ದ್ರೋಹವೆನ್ನಲು ಕೇಳುಗರಿಗೆ ಯಾವ ಹಕ್ಕಿದೆ? ಈ ಪ್ರಶ್ನೆಗೆ ಸುಲಭದ ಉತ್ತರವಿಲ್ಲ.

ಆದರೂ ಕಸುಬಿನ ಪರ ಇರುವವರಿಗೆ ಆದಾಯದ ವಾದವೊಂದಿದೆ. ಮೃದಂಗ ಒಮ್ಮೆ ಮಾರಿದರೆ ಮುಗಿಯುವ ಸರಕಲ್ಲ. ಬಿಡುವಿಲ್ಲದೆ ಕಛೇರಿ ನುಡಿಸುವವರ ಬಲಮುಚ್ಚಿಗೆ ಕೆಲವೇ ವಾರಗಳಲ್ಲಿ ಸವೆದೀತು. ಕರಣೆ ಉದುರುತ್ತದೆ, ಬಾರು ಸಡಿಲವಾಗುತ್ತದೆ. ಹೀಗೆ ಮರಳಿ ಮರಳಿ ಬರುವ ರಿಪೇರಿಯೇ ಮನೆಯ ಒಲೆಯನ್ನು ಉರಿಸುವುದು. ಇಂಥ ವಿದ್ವಾಂಸರ ಬೆರಳಿಗೆ ಇಂಥ ಮುಚ್ಚಿಗೆಯೇ ಒಗ್ಗುತ್ತದೆಂಬ ತಿಳಿವಳಿಕೆ ವರ್ಷಾನುಗಟ್ಟಲೆಯ ಒಡನಾಟದಿಂದ ಬರುವಂಥದ್ದು; ಅಂಗಡಿಯವರು ಅದನ್ನು ಒದಗಿಸಲಾರರು. ಬಾಳಿಕೆ ಬರುವ ಕೃತಕ ಮುಚ್ಚಿಗೆ ಎಲ್ಲೆಡೆ ಬಂದರೆ ಗಿರಾಕಿಗೆ ಉಳಿತಾಯ ನಿಜ, ಆದರೆ ಆ ಉಳಿತಾಯ ಹೊರಡುವುದು ಕಸುಬುದಾರನ ಜೇಬಿನಿಂದ.

ಇದಕ್ಕೆ ಬರುವ ಪ್ರತಿವಾದವೂ ಹಗುರವಾದದ್ದಲ್ಲ. ಆ ಮರಳಿ ಮರಳಿ ಬರುವ ಖರ್ಚೇ ಎಷ್ಟೋ ಮಕ್ಕಳನ್ನು ಮೃದಂಗದಿಂದ ದೂರ ಇಡುತ್ತದೆ. ಮುಚ್ಚಿಗೆ ಹಾಕುವವರಿಲ್ಲದ ಸಣ್ಣ ಊರಿನ ವಿದ್ಯಾರ್ಥಿ, ವಿಮಾನದಲ್ಲಿ ಊರೂರು ಸುತ್ತುವ ಕಲಾವಿದ, ಚಳಿನಾಡಿನಲ್ಲಿ ಕಲಿಯುವ ಕನ್ನಡದ ಮಕ್ಕಳು, ಇವರಿಗೆಲ್ಲ ಥಂಡಿಗೆ ಶ್ರುತಿ ಇಳಿಯದ, ಸ್ಪ್ಯಾನರ್ ಹಿಡಿದು ತಾವೇ ಶ್ರುತಿ ಮಾಡಿಕೊಳ್ಳಬಹುದಾದ ವಾದ್ಯ ದೊಡ್ಡ ಅನುಕೂಲ. ಚರ್ಮವನ್ನು ಮುಟ್ಟಬಾರದೆಂಬ ಅಹಿಂಸೆಯ ನಿಲುವಿನವರಿಗೆ ಅದು ಆತ್ಮಸಾಕ್ಷಿಯ ಪ್ರಶ್ನೆಯೂ ಹೌದು. ಪೂರೈಕೆಯ ತೊಡಕು ಬೇರೆ. ಕರ್ನಾಟಕದ 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾನೂನು 13 ವರ್ಷ ದಾಟಿದ ಎಮ್ಮೆ, ಕೋಣಗಳನ್ನು ಬಿಟ್ಟು ಉಳಿದ ಜಾನುವಾರುಗಳ ವಧೆಯನ್ನು ನಿಷೇಧಿಸಿತು. ಆ ಕಾನೂನಿನ ಬಗ್ಗೆ ಯಾರ ಅಭಿಪ್ರಾಯ ಏನೇ ಇರಲಿ, ಚರ್ಮವನ್ನೇ ನಂಬಿದ ಜೀವನೋಪಾಯ ಮೊದಲಿನಷ್ಟು ನಿಶ್ಚಿಂತವಲ್ಲ. ಕಲಿಯುವವರ ಸಂಖ್ಯೆ ಹೆಚ್ಚಿದರೆ ಒಟ್ಟು ಸಂಗೀತಕ್ಕೂ, ಬಹುಶಃ ಮುಂದೆ ಚರ್ಮದ ವಾದ್ಯಕ್ಕೂ ಗಿರಾಕಿಗಳು ಹೆಚ್ಚಿಯಾರು ಎಂಬ ಆಶಯ ಈ ಪಕ್ಷದ್ದು.

ಕಾರ್ಖಾನೆಯ ಉದ್ಯೋಗವಾದರೂ ಶಾಶ್ವತವೇ ಎಂಬುದು ಮೊದಲ ಪಕ್ಷದ ಮರುಪ್ರಶ್ನೆ. ಇಲ್ಲಿ ತಂಬೂರಿಯ ಕಥೆ ಉಪಯುಕ್ತ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ, ಸ್ವತಃ ಕೊಳಲುವಾದಕರಾದ ಜಿ. ರಾಜ್‌ನಾರಾಯಣ್ ಅವರ ಎಲೆಕ್ಟ್ರಾನಿಕ್ ತಂಬೂರಿ 1970ರ ದಶಕದ ಕೊನೆಗೆ ಬಂತು. ಅವರ ಬೆಂಗಳೂರಿನ ‘ರೇಡೆಲ್’ ಸಂಸ್ಥೆಯ ಪೆಟ್ಟಿಗೆಗಳು ದೇಶವಿದೇಶಗಳ ಸಂಗೀತದ ಮನೆಗಳನ್ನು ಸೇರಿದವು. ವಾದ್ಯೋದ್ಯಮದಲ್ಲಿ ಹೊಸ ಬಗೆಯ ಕೆಲಸಗಳೂ ಹುಟ್ಟಿದವು. ಈಗ ಅದೇ ಶ್ರುತಿ ಮೊಬೈಲ್ ಆ್ಯಪ್‌ನಲ್ಲಿ, ಎಷ್ಟೋ ಸಲ ಬಿಟ್ಟಿಯಾಗಿ ಸಿಗುತ್ತದೆ. ಕೈಕಸುಬನ್ನು ಪಕ್ಕಕ್ಕೆ ಸರಿಸಿದ ಯಂತ್ರವನ್ನು ಮತ್ತೊಂದು ಯಂತ್ರ ಸರಿಸುವುದಕ್ಕೆ ಬಹಳ ಕಾಲ ಬೇಕಿಲ್ಲ ಎಂಬುದನ್ನು ಒಪ್ಪಬೇಕಾಗುತ್ತದೆ.

ಆದರೆ ಅದೇ ಕಥೆಗೆ ಇನ್ನೊಂದು ಮಗ್ಗುಲಿದೆ. ಪೆಟ್ಟಿಗೆ ಬಂತೆಂದು ಮರದ ತಂಬೂರಿ ಮಾಯವಾಗಲಿಲ್ಲ. ನಮ್ಮ ಬೆಳಗಾವಿಯ ಗಡಿಯಾಚೆಯ ಮೀರಜ್‌ನಲ್ಲಿ ಒಣಸೋರೆಯ ಬುರುಡೆಯಿಂದ ತಂಬೂರಿ, ಸಿತಾರ್ ಮಾಡುವ ಮನೆತನಗಳು ಇಂದಿಗೂ ಕೆಲಸದಲ್ಲಿವೆ; 2024ರಲ್ಲಿ ಆ ವಾದ್ಯಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಭ್ಯಾಸಕ್ಕೆ ಪೆಟ್ಟಿಗೆ, ವೇದಿಕೆಗೆ ಮರ ಎಂಬ ವಿಭಜನೆ ಯಾರೂ ಆಜ್ಞೆ ಮಾಡದೆಯೇ ಬಹುಮಟ್ಟಿಗೆ ನೆಲೆಗೊಂಡಿತು. ಮೃದಂಗದ ವಿಷಯದಲ್ಲೂ ಹೀಗೇ ಆದೀತೆಂದು ಖಚಿತವಾಗಿ ಹೇಳಲಾಗದು. ತಂಬೂರಿಯ ಕೆಲಸ ಶ್ರುತಿಯನ್ನು ಹಿಡಿದು ನಿಲ್ಲುವುದು. ಮೃದಂಗದಲ್ಲಾದರೆ ಬೆರಳಿನ ಒಂದೊಂದು ಏಟಿಗೂ ಚರ್ಮ ಬೇರೆ ಬೇರೆಯಾಗಿ ಓಗೊಡುತ್ತದೆ. ಆ ಓಗೊಡುವಿಕೆಗೆ ಪರ್ಯಾಯ ಪೂರ್ಣವಾಗಿ ಸಿಕ್ಕಿದೆಯೇ ಎಂಬ ಬಗ್ಗೆ ವಾದಕರಲ್ಲೇ ಒಮ್ಮತವಿಲ್ಲ.

ಸರ್ಕಾರದ ಪಾತ್ರದಲ್ಲಿಯೂ ಎರಡು ಮಾತಿದೆ. ಕೈಯಲ್ಲಿ ಮಾಡಿದ ದೇಶೀ ವಾದ್ಯಗಳಿಗೆ ಜಿಎಸ್‌ಟಿ ವಿನಾಯಿತಿ ಇದೆ. ಸಂಗೀತ ನಾಟಕ ಅಕಾಡೆಮಿ ವಾದ್ಯ ತಯಾರಕರಿಗೂ ಪ್ರಶಸ್ತಿ ಕೊಡುತ್ತದೆ. ಇಷ್ಟರಿಂದಲೇ ಕಸುಬು ಉಳಿದೀತು ಎನ್ನುವವರು 2023ರ ಪಿಎಂ ವಿಶ್ವಕರ್ಮ ಯೋಜನೆಯನ್ನು ನೋಡಬೇಕು. ಬಡಗಿ, ಕುಂಬಾರ, ಚಮ್ಮಾರ, ಬೊಂಬೆ ಮಾಡುವವರು ಮೊದಲಾಗಿ 18 ಕಸುಬುಗಳಿಗೆ ತರಬೇತಿ, ಸಲಕರಣೆಗೆ 15,000 ರೂಪಾಯಿ, ಕಡಿಮೆ ಬಡ್ಡಿಯ ಸಾಲ ಕೊಡುವ ಆ ಯೋಜನೆ ಪ್ರಕಟವಾದಾಗ ಪಟ್ಟಿಯಲ್ಲಿ ವಾದ್ಯ ತಯಾರಿಕೆಯ ಹೆಸರಿರಲಿಲ್ಲ. ಮತ್ತೊಂದೆಡೆ, ಸಹಾಯಧನ ಕೊಟ್ಟು ಹುಡುಗರನ್ನು ಕುಲಕಸುಬಿಗೆ ಕಟ್ಟಿಹಾಕಿದರೆ ಹಳೆಯ ಜಾತಿಯ ಗೋಡೆಯನ್ನು ಹೊಸ ಸುಣ್ಣ ಬಳಿದು ನಿಲ್ಲಿಸಿದಂತಾದೀತೆಂಬ ಆತಂಕವೂ ನ್ಯಾಯವಾದದ್ದೇ.

ಇಷ್ಟನ್ನೂ ತೂಗಿದ ಮೇಲೆ, ಎಚ್ಚರದಿಂದಲೇ, ಒಂದು ನಡುದಾರಿಯತ್ತ ವಾಲಬಹುದು. ಕಲಿಕೆಗೂ ಪ್ರಯಾಣಕ್ಕೂ ಕೃತಕ ಮೃದಂಗ ಬಳಕೆಯಾಗಲಿ. ಅದನ್ನು ಅಪಚಾರವೆನ್ನುವುದು ಅನ್ಯಾಯ. ಕಛೇರಿಯ ಮೃದಂಗ ಸದ್ಯಕ್ಕೆ ಹಲಸು, ಚರ್ಮಗಳಲ್ಲೇ ಇರಲಿ, ಆದರೆ ಈಗಿನ ಕೂಲಿಗೆ ಅಲ್ಲ. ಮುಚ್ಚಿಗೆಯ ದರ ವಿದ್ವಾಂಸರ ದಾಕ್ಷಿಣ್ಯದ ಮೇಲೆ ನಿಲ್ಲದೆ, ಮಾಡುವವರು ಹೇಳಿದ ದರವಾಗಬೇಕು. ಸಂಗೀತ ಕಾಲೇಜುಗಳು ವಾದ್ಯ ತಯಾರಿಕೆಯನ್ನು ಪಠ್ಯವಾಗಿಸಿ, ಕಸುಬುದಾರರನ್ನೇ ಅಧ್ಯಾಪಕರ ಸಂಬಳ ಕೊಟ್ಟು ನೇಮಿಸಿ, ಯಾವ ಜಾತಿಯವರೂ ಬಂದು ಕಲಿಯುವಂತೆ ಮಾಡಬೇಕು. ಕರಣೆ ಹಾಕಬಲ್ಲ ಕೈಗಳಿಗೆ ಕೃತಕ ವಾದ್ಯದ ನಾದ ತಿದ್ದುವ ಕೆಲಸದಲ್ಲೂ ಪಾಲು ಸಿಗಬೇಕು, ಏಕೆಂದರೆ ವಸ್ತು ಬದಲಾದರೂ ಕಿವಿಯ ಅಗತ್ಯ ಬದಲಾಗುವುದಿಲ್ಲ. ಇದರಿಂದ ಎರಡೂ ಪಕ್ಷಕ್ಕೆ ಪೂರ್ಣ ಸಮಾಧಾನವಾಗದಿರಬಹುದು. ಆದರೆ ಕಸುಬು ಹುಟ್ಟಿನಿಂದ ಬರುವ ಕಟ್ಟಾಗಿರುವವರೆಗೆ ಅದನ್ನು ಉಳಿಸಿ ಎನ್ನುವ ಮಾತಿಗೆ ತೂಕ ಬರುವುದಿಲ್ಲ. ಇಷ್ಟಪಟ್ಟು ಆರಿಸಿಕೊಳ್ಳುವ, ಸಂಸಾರ ಸಾಗುವಷ್ಟು ದುಡಿಮೆ ಕೊಡುವ ವೃತ್ತಿಯಾದರೆ ಮಾತ್ರ ಅದು ಉಳಿಯುತ್ತದೆ, ಉಳಿಯಲೂಬೇಕು.